ರಿಚರ್ಡ್ ದೊರೆಯ ಕಾಲದ ಸಲಾಡ್ ಮಾಡುವುದು ಹೇಗೆ?

ಸಲಾಡ್ ಎಂದ ಕೂಡಲೇ ಕೈ ಟೊಮೆಟೊ, ಸೌತೆಕಾಯಿಯತ್ತ ಹೋಗುತ್ತದೆ. ಮಧ್ಯಯುಗದ ಇಂಗ್ಲೆಂಡಿನ ಸಲಾಡ್ ಮಾಡುವುದಾದರೆ ಎರಡನ್ನೂ ಪಕ್ಕಕ್ಕಿಡಿ. ಟೊಮೆಟೊ, ದಪ್ಪ ಮೆಣಸಿನಕಾಯಿ, ಮೆಕ್ಕೆಜೋಳ ಯುರೋಪಿಗೆ ಬಂದದ್ದೇ 1492ರ ನಂತರ. ಎರಡನೇ ರಿಚರ್ಡ್‌ನ ಬಾಣಸಿಗರು 1390ರ ಸುಮಾರಿಗೆ ಒಟ್ಟುಗೂಡಿಸಿದ ‘ಫಾರ್ಮ್ ಆಫ್ ಕ್ಯೂರಿ’ ಎಂಬ ಅಡುಗೆ ಪುಸ್ತಕದ ಸಲಾಡ್‌ನಲ್ಲಿರುವುದು ಬರೀ ಸೊಪ್ಪು. ಪಾರ್ಸ್ಲಿ, ಸೇಜ್, ಹಸಿ ಬೆಳ್ಳುಳ್ಳಿ, ಎಳೆ ಈರುಳ್ಳಿ, ಲೀಕ್, ಲೆಟಿಸ್, ಪಾಲಕ್, ಬೋರೇಜ್, ಪುದೀನ, ಸೋಂಪಿನ ಸೊಪ್ಪು, ಕ್ರೆಸ್, ರೂ ಎಂಬ ಕಹಿ ಸೊಪ್ಪು, ರೋಸ್‌ಮೇರಿ, ಜೊತೆಗೆ ನಮ್ಮ ಹೊಲದ ಬದುಗಳಲ್ಲೂ ಹಬ್ಬುವ ಗೋಣಿಸೊಪ್ಪು!

ಈಗಿನ ಸಲಾಡ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನಾವು ಪುದೀನ, ಪಾರ್ಸ್ಲಿಯನ್ನು ಮೇಲೆ ಉದುರಿಸುತ್ತೇವೆ. ಅಲ್ಲಿ ಅವೇ ಸಲಾಡ್. ಲೆಟಿಸ್ ಹತ್ತರಲ್ಲಿ ಹನ್ನೊಂದು. ಲೆಟಿಸ್ ತಂಪು, ಬೆಳ್ಳುಳ್ಳಿ ಉಷ್ಣ ಎಂಬ ಲೆಕ್ಕ ಅಂದಿನ ಯುರೋಪಿನ ವೈದ್ಯರಿಗೂ ಇತ್ತು. ನಮ್ಮ ಮನೆಗಳಲ್ಲಿ ಈ ಮಾತು ಇನ್ನೂ ಕೇಳಿಬರುವುದರಿಂದ ಈ ಸಲಾಡ್ ನಮಗೆ ಬೇಗ ಅರ್ಥವಾಗುತ್ತದೆ.

ಮೂಲದಲ್ಲಿ ಅಳತೆ ಕೊಟ್ಟಿಲ್ಲ. ನಾಲ್ಕು ಜನಕ್ಕೆ ನನ್ನ ಅಂದಾಜು ಹೀಗಿದೆ: ಲೆಟಿಸ್, ಎಳೆ ಪಾಲಕ್, ಗೋಣಿಸೊಪ್ಪು ತಲಾ ಒಂದು ಹಿಡಿ, ಪಾರ್ಸ್ಲಿ ಒಂದು ಹಿಡಿ, ಪುದೀನ ಅರ್ಧ ಹಿಡಿ, ಎಳೆ ಈರುಳ್ಳಿ ನಾಲ್ಕು, ಹಸಿ ಬೆಳ್ಳುಳ್ಳಿ ಎರಡು ಎಸಳು. ಸೇಜ್ ಎರಡೇ ಎಲೆ, ರೋಸ್‌ಮೇರಿ ಒಂದು ಚಿಟಿಕೆ ಸಾಕು. ಹೆಚ್ಚಾದರೆ ಬೇರೆ ರುಚಿಯೆಲ್ಲ ಮುಚ್ಚಿಹೋಗುತ್ತದೆ. ರೂ ಮಾತ್ರ ಬೇಡವೇ ಬೇಡ. ಹೆಚ್ಚು ತಿಂದರೆ ಅದು ವಿಷ, ಗರ್ಭಿಣಿಯರಿಗೆ ಅಪಾಯ. ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಹಳೆಯ ಅಡುಗೆಗೆ ನಿಷ್ಠೆ ಇರಲಿ, ಆರೋಗ್ಯ ಕಳೆದುಕೊಳ್ಳುವಷ್ಟಲ್ಲ.

ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು, ದಂಟು ಬಿಡಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಒದ್ದೆ ಎಲೆಗೆ ಎಣ್ಣೆ ಹಿಡಿಯುವುದಿಲ್ಲ. ಚಾಕು ಮುಟ್ಟಬೇಡಿ. ಕೈಯಲ್ಲೇ ಸಣ್ಣಗೆ ಚಿವುಟಿ ಎಂದು ಮೂಲದಲ್ಲೇ ಇದೆ. ಚಿವುಟುತ್ತಿದ್ದಂತೆ ಪುದೀನ, ಬೆಳ್ಳುಳ್ಳಿಯ ಘಮ ಬೆರಳಿಗೇ ಅಂಟುತ್ತದೆ.

ಈಗ ಮೂರು ಚಮಚ ಆಲಿವ್ ಎಣ್ಣೆಯನ್ನು ಕಾಯಿಸದೆ ಹಾಗೇ ಹಾಕಿ, ಪ್ರತಿ ಎಲೆಗೂ ತಾಗುವಂತೆ ಬೆರೆಸಿ. ಇಂದಿನಂತೆ ಎಣ್ಣೆ, ವಿನೆಗರ್ ಮೊದಲೇ ಕಲಕಿಡುವ ಡ್ರೆಸಿಂಗ್ ಇಲ್ಲಿಲ್ಲ. ತಟ್ಟೆಗೆ ಬಡಿಸುವ ಹೊತ್ತಿಗೆ ಒಂದು ಚಮಚ ವೈನ್ ವಿನೆಗರ್, ಉಪ್ಪು ಹಾಕಿ; ಮೊದಲೇ ಉಪ್ಪು ಬಿದ್ದರೆ ಸೊಪ್ಪು ನೀರು ಬಿಟ್ಟು ಸೊರಗುತ್ತದೆ. ಘಾಟು ಜಾಸ್ತಿ ಎನಿಸಿದರೆ ಮುಂದಿನ ಸಲ ಪಾಲಕ್ ಹೆಚ್ಚಿಸಿ, ಬೆಳ್ಳುಳ್ಳಿ ಇಳಿಸಿ. ಮೇಯನೇಸ್ ಮಾತ್ರ ಹತ್ತಿರ ಸುಳಿಯದಿರಲಿ.