ಉತ್ತರಿ ಮಳೆಯೂ ಡಿಸೆಂಬರ್ ಹಸಿರೂ

ವಿಜಯಪುರ ಜಿಲ್ಲೆಯಲ್ಲಿ ಮಳೆಗೂ ಹಸಿರಿಗೂ ಇರುವ ನಂಟನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕಲು ಕುಳಿತಾಗ ನನಗೆ ಎದುರಾದ ಮೊದಲ ತೊಡಕು ನೀರಾವರಿ. ಆಲಮಟ್ಟಿಯ ಕಾಲುವೆ ನೀರು ಸಿಗುವ ಕಬ್ಬು ಬರಗಾಲದಲ್ಲೂ ಹಸಿರಾಗಿಯೇ ಇರುತ್ತದೆ. ಇಡೀ ಜಿಲ್ಲೆಯ ಸರಾಸರಿ ತೆಗೆದರೆ ಸಿಗುವುದು ಮಳೆಯ ಲೆಕ್ಕವಲ್ಲ, ಪಂಪ್‌ಸೆಟ್ಟಿನ ಲೆಕ್ಕ.

ಹಾಗಾಗಿ ಮೊದಲು ನೀರಾವರಿ ಜಮೀನನ್ನು ಬೇರ್ಪಡಿಸಿದೆ. ಇದಕ್ಕೆ ಬಳಸಿದ್ದು ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು. ಅದರ ಒಂದು ಚುಕ್ಕೆ (ಪಿಕ್ಸೆಲ್) 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಮಾರ್ಚ್ ಕೊನೆಯ ಹೊತ್ತಿಗೆ ಬಿಳಿಜೋಳ, ಕಡಲೆ ಕೊಯ್ಲಾಗಿರುತ್ತವೆ. ಆಗಲೂ ಹಸಿರಾಗಿರುವುದು ಕಬ್ಬು, ನಿಂಬೆ, ದ್ರಾಕ್ಷಿ, ಇಲ್ಲವೇ ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಆದರೆ ಏಪ್ರಿಲ್ ಚಿತ್ರವನ್ನು ನಂಬಬಾರದು: ಚಾಟ್ನಿಯಾದ, ಅಂದರೆ ಕಡ್ಡಿ ಕತ್ತರಿಸಿದ, ದ್ರಾಕ್ಷಿ ತೋಟ ಮೇಲಿನಿಂದ ಬರಿ ನೆಲದಂತೆ ಕಾಣುತ್ತದೆ.

ಉಳಿದ ಎರೆ (ಕಪ್ಪು ಮಣ್ಣಿನ) ಹೊಲಗಳ ಹಸಿರನ್ನು, ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ಎನ್‌ಡಿವಿಐ ಎಂಬ ಹಸಿರಿನ ಸೂಚ್ಯಂಕದಿಂದ ಅಳೆದೆ. ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪನ್ನು (ಇನ್‌ಫ್ರಾರೆಡ್) ಹಿಂದಿರುಗಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಈ ಸೂಚ್ಯಂಕ ಬರುತ್ತದೆ. 2000ರಿಂದ 16 ದಿನಕ್ಕೊಂದರಂತೆ ಇದು ಸಿಗುತ್ತದೆ. ಆದರೆ ಇಲ್ಲಿನ 250 ಮೀಟರ್ ಚುಕ್ಕೆಯೊಂದರಲ್ಲಿ ಸುಮಾರು 15 ಎಕರೆ ಅಡಗಿರುವುದರಿಂದ, ಪೂರ್ತಿ ಒಣಬೇಸಾಯವಿರುವ ಚುಕ್ಕೆಗಳನ್ನಷ್ಟೇ ಉಳಿಸಿಕೊಂಡೆ.

ಡಿಸೆಂಬರ್ ಹಸಿರನ್ನು ಡಿಸೆಂಬರ್ ಮಳೆಯ ಪಕ್ಕದಲ್ಲಿಟ್ಟರೆ ಏನೂ ಕಾಣುವುದಿಲ್ಲ. ಆಗ ಮಳೆ ಬರುವುದೇ ಅಪರೂಪ, ಜೋಳ ಬದುಕುವುದು ಎರೆ ಹಿಡಿದಿಟ್ಟುಕೊಂಡ ತೇವದ ಮೇಲೆ. ಮಳೆಗೆ ಚಿರ್ಪ್ಸ್‌ನ (ಉಪಗ್ರಹ ಮತ್ತು ಮಳೆಮಾಪಕಗಳ ಮಾಹಿತಿ ಸೇರಿಸಿ ಮಾಡಿದ ಮಳೆಯ ಲೆಕ್ಕ) ದಿನವಾರು ದತ್ತಾಂಶವಿತ್ತು. ಅದನ್ನು ತಿಂಗಳ ಬದಲು, ರೈತರು ಮಳೆ ಎಣಿಸುವ ನಕ್ಷತ್ರಕ್ಕೆ ತಕ್ಕಂತೆ ಕೂಡಿಸಿದೆ. ಸೆಪ್ಟೆಂಬರ್ ಎಂದರೆ ಹುಬ್ಬಿ ಮಳೆಯೂ ಉತ್ತರಿ ಮಳೆಯೂ ಒಂದರೊಳಗೊಂದು ಕಲಸಿಹೋಗುತ್ತವೆ. ಬಿತ್ತುವವನಿಗೆ ಅವೆರಡೂ ಒಂದೇ ಅಲ್ಲ. ಒಂದು ನಕ್ಷತ್ರ ಹದಿಮೂರು–ಹದಿನಾಲ್ಕು ದಿನ, ಮೋಡಿಸ್‌ನ ಅವಧಿಗೂ ಹತ್ತಿರ. ಹುಬ್ಬಿ, ಉತ್ತರಿ, ಹಸ್ತಗಳ ಮೊತ್ತವನ್ನು ಡಿಸೆಂಬರ್ ಹಸಿರಿನ ಎದುರು ಇಟ್ಟಾಗ ನಂಟು ಸ್ಪಷ್ಟವಾಯಿತು. ನಕ್ಷೆ ತೋರಿಸಿದಾಗ ರೈತರೂ ನನ್ನೊಡನೆ ವಾದಕ್ಕಿಳಿಯುವಂತಾಯಿತು, ಅದೂ ಲಾಭವೇ.

ಒಂದು ಎಚ್ಚರಿಕೆ. ಎಲೆ ವಿರಳವಾಗಿರುವಾಗ ಕಪ್ಪು ನೆಲ ಎನ್‌ಡಿವಿಐಯನ್ನು ತುಸು ಹೆಚ್ಚಿಸಿ ತೋರಿಸುತ್ತದೆ. ಆದ್ದರಿಂದ ಎರೆ ಹೊಲವನ್ನು ತೆಳು ಮಣ್ಣಿನ ಮಡ್ಡಿಯೊಂದಿಗೆ ಹೋಲಿಸದೆ, ಅದೇ ಹೊಲದ ಬೇರೆ ವರ್ಷಗಳೊಂದಿಗೆ ಹೋಲಿಸುತ್ತೇನೆ.

ಮಳೆ ಹೆಚ್ಚಾದಷ್ಟೂ ಹಸಿರು ಹೆಚ್ಚು ಎಂದೂ ಇಲ್ಲ. ಹಸ್ತ ಬಿಡದೆ ಸುರಿದರೆ ಎರೆಯಲ್ಲಿ ಕಾಲಿಡಲಾಗದು, ಹದ ಬರುವವರೆಗೆ ಬಿತ್ತನೆ ನಿಲ್ಲುತ್ತದೆ. ಅಂಥ ವರ್ಷ ಸೂಚ್ಯಂಕ ತಡವಾಗಿ ಏರುತ್ತದೆ. ಈಗ ಹಸಿರಿನ ಪ್ರಮಾಣದ ಜೊತೆಗೆ ಅದು ತುದಿ ಮುಟ್ಟಿದ ದಿನಾಂಕವನ್ನೂ ಬರೆದಿಡುತ್ತೇನೆ.