ಅಮೆರಿಕದಲ್ಲಿ ಹಳೇ ಬಂದೂಕು ಕೊಳ್ಳುವ ಮುನ್ನ: ದಾವಣಗೆರೆ, ಚಿತ್ರದುರ್ಗದವರಿಗೆ

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಜೋಡುನಳಿಕೆ ಬಂದೂಕು ಕಂಡು ಬೆಳೆದವರಿಗೆ ಅದರ ಕಟ್ಟುಪಾಡೂ ಗೊತ್ತು: ಲೈಸೆನ್ಸಿಗೆ ಡಿಸಿ ಕಚೇರಿ, ಆಮೇಲೆ ನವೀಕರಣ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವುದು. ಅಮೆರಿಕಕ್ಕೆ ಹೋದ ನಮ್ಮ ಹುಡುಗರಿಗೆ ಗನ್ ಶೋದ (ಬಂದೂಕು ಮಾರುವ ಮೇಳದ) ಮೇಜುಗಳ ಮೇಲೆ ಹಳೇ ರೈಫಲ್‌ಗಳು ಸಾಲಾಗಿ ಕಂಡಾಗ ಇಲ್ಲಿ ಹೇಳೋರು ಕೇಳೋರು ಇಲ್ಲವೇನೋ ಅನಿಸುತ್ತದೆ. ಇದ್ದಾರೆ. ಅಲ್ಲಿನ ಕಾನೂನು ಮೊದಲು ಕೇಳುವುದು ನೀವು ಯಾರು ಅಂತ.

ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದವರು ಬಂದೂಕಿರಲಿ, ಒಂದು ತೋಟಾ ಇಟ್ಟುಕೊಂಡರೂ ಫೆಡರಲ್ (ಅಲ್ಲಿನ ಕೇಂದ್ರ ಕಾನೂನಿನ) ಅಪರಾಧ. 15 ವರ್ಷದವರೆಗೆ ಜೈಲು. ಗುಂಡು ಹಾರಿಸಲು ಕಲಿಯುವ ರೇಂಜಿನಲ್ಲಿ ಬಾಡಿಗೆಗೆ ಹಿಡಿದರೂ ಅಷ್ಟೇ. ಚಾಲ್ತಿಯಲ್ಲಿರುವ ಅಲ್ಲಿನ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಊರಿಂದ ಬಂದ ಅಪ್ಪನ ಕೈಗೆ ಫೋಟೋಗೆಂದೂ ಕೊಡಬೇಡಿ, ದಯವಿಟ್ಟು. ಗ್ರೀನ್ ಕಾರ್ಡ್‌ನವರು ಕೊಳ್ಳಬಹುದು: ಡೀಲರ್ ಬಳಿ 4473 ನಮೂನೆ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಗೆಳೆಯನಿಗಾಗಿ ನಿಮ್ಮ ಹೆಸರಲ್ಲಿ ಕೊಂಡರೆ ಅದೇ ಬೇರೆ ಅಪರಾಧ. 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಫೆಡರಲ್ ಲೆಕ್ಕದಲ್ಲಿ ಪುರಾತನ ವಸ್ತು, ಈ ನಿಯಮಗಳ ಹೊರಗೆ. ಆದರೆ ನಿಮ್ಮ ರಾಜ್ಯದ ಕಾನೂನು ಬೇರೆ ಹೇಳಬಹುದು, ವಿಚಾರಿಸಿಕೊಳ್ಳಿ.

ಹಕ್ಕಿದೆ ಅಂತ ಖಾತ್ರಿಯಾದ ಮೇಲೆ ನೋಡುವ ಕೆಲಸ. ನಳಿಕೆ ಯಾರ ಕಡೆಗೂ ತಿರುಗದಂತೆ ಹಿಡಿದು, ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆದು, ಬೋಲ್ಟ್ (ಹಿಂದೆಮುಂದೆ ಸರಿಯುವ ಅಗುಳಿ) ಹಿಂದಕ್ಕೆಳೆದು, ಚೇಂಬರ್ (ತೋಟಾ ಕೂರುವ ಗೂಡು) ಖಾಲಿಯೇ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಆಮೇಲೆ ನಳಿಕೆಯೊಳಗೆ ಬೆಳಕು ಬಿಡಿ. ಒಳಗೆ ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಕೆ ಉಬ್ಬಿದೆ ಎಂದರ್ಥ; ಕೆಳಗಿಟ್ಟುಬಿಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಅಡ್ಡಾದಿಡ್ಡಿ ಬಿಚ್ಚಿದ್ದಾರೆ. ಸ್ಕ್ರೂ ತೂತಿನ ಅಂಚು ತಟ್ಟೆಯಂತೆ ತಗ್ಗಾಗಿದ್ದರೆ, ಕಂಪನಿ ಹೆಸರಿನ ಅಕ್ಷರ ಮಸುಕಾಗಿದ್ದರೆ ಲೋಹ ಉಜ್ಜಿ ಹೊಸ ಬಣ್ಣ ಏರಿಸಿದ್ದಾರೆ. ಸೀರಿಯಲ್ ನಂಬರ್ ಕೆರೆದು ಅಳಿಸಿದ್ದನ್ನು ಮುಟ್ಟಲೇಬೇಡಿ.

ಅಲ್ಲಿ ನಮ್ಮದೇ ಒಂದು ರೈಫಲ್ ಸಿಗುತ್ತದೆ, ನಮ್ಮ ಪೊಲೀಸರ ಹೆಗಲ ಮೇಲಿದ್ದ ಜಾತಿಯದು: ಬಂಗಾಳದ ಇಶಾಪುರ ಕಾರ್ಖಾನೆಯ 2ಎ1. ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ) ಅಚ್ಚು, 1960ರ ದಶಕದ ಇಸವಿ, ಚೌಕಾಕಾರದ ಮ್ಯಾಗಜಿನ್ ಇದರ ಗುರುತು. ಹಳೇ .303 ತೋಟಾದ ರೈಫಲ್ ಅನ್ನು ಬದಲಾಯಿಸಿದ್ದು ಅಂತ ಮಾರುವವರು ಎಷ್ಟೋ ಸಲ ಹೇಳುತ್ತಾರೆ. ಅದು ತಪ್ಪು, 7.62 ಮಿ.ಮೀ. ತೋಟಾಕ್ಕೆಂದೇ ಹೊಸದಾಗಿ ಮಾಡಿದ್ದು. ಬೋಲ್ಟ್ ಹಿಡಿಕೆಯ ನಂಬರ್ ಮತ್ತು ರಿಸೀವರ್ (ಬೋಲ್ಟ್ ಕೂರುವ ಲೋಹದ ಒಡಲು) ನಂಬರ್ ಒಂದೇ ಇದ್ದರೆ ಬೆಲೆ ಹೆಚ್ಚು. ಬೇರೆ ಇದ್ದರೆ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹೆಡ್‌ಸ್ಪೇಸ್, ಅಂದರೆ ಬೋಲ್ಟಿಗೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ, ಅಳೆಯದೆ ಗುಂಡು ಹಾರಿಸಕೂಡದು.

ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಫಳಫಳ ಉಜ್ಜುವ ಅಭ್ಯಾಸ ನಮ್ಮದು. ಸಂಗ್ರಾಹಕರ ಬಂದೂಕಿಗೆ ಅದು ವಿಷ. ಕಾರ್ಖಾನೆಯ ನೀಲಿಗಪ್ಪು ಬಣ್ಣ ಶೇಕಡಾ ಎಷ್ಟು ಉಳಿದಿದೆ ಅನ್ನುವುದರ ಮೇಲೇ ಬೆಲೆ. ಅರ್ಧ ಸವೆದ ಮೂಲ ಬಣ್ಣಕ್ಕೆ ಸಿಗುವ ಮರ್ಯಾದೆ ಮಿರಮಿರ ಹೊಸ ಬಣ್ಣಕ್ಕಿಲ್ಲ. ಸೀರಿಯಲ್ ನಂಬರಿನಿಂದ ಇಸವಿ ಹುಡುಕಿ: ಅಮೆರಿಕದ ಬಂದೂಕು ಕಂಪನಿ ವಿಂಚೆಸ್ಟರ್ 1964ರಲ್ಲಿ ತಯಾರಿಕೆಯ ರೀತಿ ಬದಲಿಸಿತು, ಅದಕ್ಕೂ ಮುಂಚಿನದಕ್ಕೆ ಬೇಡಿಕೆ ಜಾಸ್ತಿ. ಹಳೇ ವಿಂಚೆಸ್ಟರ್‌ಗಳಿಗೆ ವ್ಯೋಮಿಂಗ್‌ನ ಕೋಡಿ ಮ್ಯೂಸಿಯಂ ಕಾರ್ಖಾನೆ ದಾಖಲೆಯ ಪತ್ರ ಕೊಡುತ್ತದೆ. ದರಕ್ಕೆ ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್ ನೋಡಿ, ಜೊತೆಗೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ. ಬೇರೆ ರಾಜ್ಯದವರಿಂದ ತರಿಸಿಕೊಳ್ಳುವುದಾದರೆ ಮಾಲು ನಿಮ್ಮ ರಾಜ್ಯದ ಲೈಸೆನ್ಸ್ ಡೀಲರ್ ಮೂಲಕವೇ ಬರಬೇಕು; ಅವರ ಶುಲ್ಕವನ್ನೂ ಸೇರಿಸಿಕೊಂಡು ಚೌಕಾಸಿ ಮಾಡಿ.