ಒಂದ್ ಚೀಲ, ಒಂದ್ ತಾಸು: ವಿಜಯಪುರದಾಗ ಹೆಡ್‌ಲೈಟ್ ತಿಕ್ಕಿ ಕಾಲೇಜ್ ಖರ್ಚು ತಗಿಯೋದು ಹ್ಯಾಂಗ

ಕಾರ್ ಡಿಟೇಲಿಂಗ್, ಅಂದ್ರ ಗಾಡಿ ತಿಕ್ಕಿ ತೀಡಿ ಹೊಸಾದ್ರಂಗ ಮಾಡೋ ಕೆಲಸ, ಅಂದ ಕೂಡ್ಲೇ ಎಲ್ಲಾರ ತಲ್ಯಾಗ ಬರೋದು ದೊಡ್ಡ ಶೆಡ್ಡು, ಪ್ರೆಷರ್ ಪಂಪು, ಸಿರಾಮಿಕ್ ಕೋಟಿಂಗು, ಲಕ್ಷಗಟ್ಟಲೆ ಬಂಡವಾಳ. ಅದ್ಯಾವ್ದೂ ಬ್ಯಾಡ್ರಿ. ನಾನು ಡಿಗ್ರಿ ಎರಡನೇ ವರ್ಷದಿಂದ ಮಾಡಾಕತ್ತೇನಿ, ನನ್ನ ಅಂಗಡಿ ಅಂದ್ರ ಸ್ಕೂಟಿ ಮುಂದ ಇಟ್ಕೊಳ್ಳೋ ಒಂದು ಚೀಲ, ಮಾಡೋ ಕೆಲಸ ಎರಡೇ: ಮಬ್ಬಾದ ಹೆಡ್‌ಲೈಟ್ ತಿಳಿ ಮಾಡೋದು, ಗ್ಲಾಸ್ ಮ್ಯಾಲಿನ ಸವಳ ನೀರಿನ ಕಲೆ ತಗಿಯೋದು. ಪೂರ್ತಿ ಗಾಡಿ ತೊಳಿ ಅಂದ್ರ ಇಲ್ಲ ಅಂತೀನಿ. ತೊಳಿಯೋದಕ್ಕ ವಾಟರ್ ಸರ್ವಿಸಿಂಗ್ ಸೆಂಟರ್‌ನವರು ಗಲ್ಲಿಗೊಂದು ಅದಾರ, ಅವರ ರೇಟಿನ ಮುಂದ ನಾವು ನಿಲ್ಲಂಗಿಲ್ಲ, ಮತ್ತ ಅದಕ್ಕ ಅರ್ಧ ದಿನ ಹೋಗ್ತೈತಿ, ಕ್ಲಾಸ್ ಯಾರ ಅಟೆಂಡ್ ಮಾಡೋರು?

ಈ ಎರಡು ಕೆಲಸಾನೇ ಯಾಕಂದ್ರ ನಮ್ಮೂರ ಬಿಸಲು ಮತ್ತ ನಮ್ಮೂರ ಬೋರ್ ನೀರು ಇವೆರಡೂ ಗಿರಾಕಿನ್ನ ತಾವ ಕಳಸ್ತಾವ. ಈಗಿನ ಗಾಡಿ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್ಕು, ಅದರ ಮ್ಯಾಲ ಬಿಸಲು ತಡಿಯೋ ತೆಳ್ಳನ ಪದರ ಹಚ್ಚಿರ್ತಾರ. ಜಲನಗರದಾಗೋ ಆಶ್ರಮ ರೋಡಿನ್ಯಾಗೋ ನೆರಳಿಲ್ಲದ ಅಂಗಳದಾಗ ನಾಕೈದು ವರ್ಷ ಏಪ್ರಿಲ್ ಮೇ ಬಿಸಲು ಕುಡದ ಗಾಡಿದು ಆ ಪದರ ಸತ್ತು, ಪ್ಲಾಸ್ಟಿಕ್ ಹಳದಿ ಆಗಿ, ರಾತ್ರಿ ಸೊಲ್ಲಾಪುರ ರೋಡಿಗೆ ಇಳಿದ್ರ ಲೈಟ್ ಹಚ್ಚಿದ್ರೂ ಕಂದೀಲ ಹಿಡದಂಗ ಇರ್ತೈತಿ. ಕಾಕಾಗಳು ಬಲ್ಬ್ ವೀಕ್ ಆಗೈತಿ ಅಂತ ಬಲ್ಬ್ ಬದಲಿ ಮಾಡಸ್ತಾರ, ಬಲ್ಬಿಂದು ತಪ್ಪೇ ಇರಂಗಿಲ್ಲ.

ಮೊದಲು ಚೀಲದ ಮಾತು. 800, 1000, 1500, 2000, 3000 ನಂಬರಿನ ವಾಟರ್ ಪೇಪರ್, ಅಂದ್ರ ನೀರು ಹಚ್ಚಿ ತಿಕ್ಕೋ ಉಪ್ಪು ಕಾಗದ ಬೇಕು, ನಂಬರ್ ಏರಿದಂಗ ಕಾಗದ ನುಣುಪು, ಇವು ಪೇಂಟ್ ಅಂಗಡ್ಯಾಗ ಸಿಗ್ತಾವ, 3000 ಮಾತ್ರ ಕೆಲವೊಮ್ಮೆ ಆನ್‌ಲೈನ್ ತರಸಬೇಕಾಗ್ತೈತಿ. ರಬ್ಬಿಂಗ್ ಕಾಂಪೌಂಡ್ (ಕಾಗದದ ಗೀರು ತಗಿಯೋ ಪೇಸ್ಟು), ಅದರ ಮ್ಯಾಲಿನ ಫೈನ್ ಪಾಲಿಶ್, ಮಾಸ್ಕಿಂಗ್ ಟೇಪು, ಸ್ಪ್ರೇ ಬಾಟ್ಲಿ ಎರಡು, ಮೈಕ್ರೋಫೈಬರ್ ಅರಿವಿ ಹತ್ತರ ಇರ್ಲಿ, ಐಸೊಪ್ರೊಪೈಲ್ ಆಲ್ಕೋಹಾಲ್, ಮತ್ತ ಅರಿವಿಲೆ ಒರಸಿ ಹಚ್ಚೋ ಯುವಿ ಕೋಟಿಂಗ್, ಅಂದ್ರ ಬಿಸಲು ತಡಿಯೋ ಪದರ. ಡ್ರಿಲ್ ಮಷೀನಿಗೆ ಹಾಕೋ ಫೋಮ್ ಪ್ಯಾಡ್ ಇದ್ರ ಕೈನೋವು ಉಳಿತೈತಿ, ಡ್ರಿಲ್ ನಾನು ಮಾಮಾನ ಕಡಿಂದ ಇಸ್ಕೊಂಡಿದ್ದು, ಇನ್ನೂ ತಿರಗಿ ಕೊಟ್ಟಿಲ್ಲ. ಅದನ್ನ ಬಿಟ್ಟು ನನ್ನ ಮೊದಲನೇ ಚೀಲಕ್ಕ ಸುಮಾರು 3,500 ರೂಪಾಯಿ ಹತ್ತಿತ್ತು. ಮೈಕ್ರೋಫೈಬರ್ ನೆಲಕ್ಕ ಬಿತ್ತು ಅಂದ್ರ ಅವತ್ತಿಗೆ ಅದರ ಕೆಲಸ ಮುಗೀತು, ಝಾಡಿಸಿ ಮತ್ತ ಬಳಸಬ್ಯಾಡ್ರಿ, ಒಂದು ಕಾಳು ಮಣ್ಣು ಸಾಕು ಗೀರು ಬೀಳಾಕ. ಒಗಿವಾಗ ಕಂಫರ್ಟ್ ಅಂಥದ್ದು ಹಾಕಬ್ಯಾಡ್ರಿ, ಅರಿವಿ ನೀರು ಹೀರೋದು ಬಿಡ್ತೈತಿ.

ಈಗ ಕೆಲಸ. ಗಾಡಿ ಮುಂದ ಹೋಗಿ ಮೊದಲು ಲೈಟ್ ಮ್ಯಾಲ ಬರೇ ನೀರು ಹೊಡೀರಿ. ಹಸಿ ಇದ್ದಾಗ ತಿಳಿ ಕಂಡು, ಒಣಗಿದ ಮ್ಯಾಲ ಮತ್ತ ಮಬ್ಬಾತು ಅಂದ್ರ ಹೊಲಸು ಹೊರಗಿಂದು, ಕೆಲಸ ಹಿಡೀರಿ. ಹಸಿ ಇದ್ದಾಗೂ ಮಬ್ಬೇ ಇತ್ತಂದ್ರ ಒಳಗ ಹಬಿ ಹಿಡದೈತಿ ಇಲ್ಲಾ ಸಣ್ಣ ಸಣ್ಣ ಬಿರುಕು ಪ್ಲಾಸ್ಟಿಕ್‌ನೊಳಗ ಇಳದಾವ, ಅದು ನಮ್ಮ ಕೈಲೆ ಆಗೂ ಮಾತಲ್ಲ, ಸೀದಾ ಹೇಳಿಬಿಡ್ರಿ. ಹಂಗ ಹೇಳಿ ವಾಪಸ್ ಬಂದ ಮನಿಯಿಂದನ ನನಗ ಆಮ್ಯಾಲ ಮೂರು ಗಾಡಿ ಬಂದಾವ.

ಆಮ್ಯಾಲ ಟೇಪು. ಲೈಟಿನ ಸುತ್ತ ಬಾನೆಟ್, ಬಂಪರ್, ಫೆಂಡರ್ ಎಲ್ಲಾ ಕಡೆ ಎರಡು ಸುತ್ತು. ಇದನ್ನ ನಾನು ರೊಕ್ಕ ಕೊಟ್ಟು ಕಲ್ತಿದ್ದು. ಮೂರನೇ ಗಾಡಿನೋ ನಾಕನೇದೋ, ಟೇಪ್ ಮುಗದಿತ್ತು, ಏನ್ ಆಕ್ಕೈತಿ ಬಿಡು ಅಂತ ಹಂಗ ತಿಕ್ಕಿದೆ, ಬಂಪರಿನ ಮೂಲಿ ಬಣ್ಣ ಎರಡ್ ಬೆರಳಿನಷ್ಟು ಮಾಸಿ ಹೋತು. ಮಾಲಕ್ರು ಬೈಲಿಲ್ಲ, ಸುಮ್ಮನ ನಿಂತು ನೋಡಿದ್ರು, ಬೈದಿದ್ರ ಚಲೋ ಇತ್ತು ಅನಸ್ತು. ಪೇಂಟರ್‌ಗೆ ಕೊಟ್ಟಿದ್ದು ಆ ತಿಂಗಳ ಪೂರಾ ಗಳಿಕಿ.

ತಿಕ್ಕೋದು ಯಾವಾಗ್ಲೂ ನೀರಿನ್ಯಾಗ. ಸ್ಪ್ರೇ ಬಾಟ್ಲಿಗೆ ಎರಡು ಹನಿ ಶಾಂಪೂ ಹಾಕ್ರಿ, ಕಾಗದ ಜಾರ್ತೈತಿ. ಪದರ ಹಪ್ಪಳ ಎದ್ದಂಗ ಎದ್ದಿದ್ರ ಮಾತ್ರ 800ರಿಂದ ಶುರು, ಇಲ್ಲಂದ್ರ 1000 ಸಾಕು. ಮೊದಲಿಗೆ ಹಳದಿ ಹಾಲಿನಂಥಾ ನೀರು ಇಳಿತೈತಿ, ಅದು ಹೋಗಿ ಬೆಳ್ಳಗ ಇಳಿಯೋವರೆಗೂ ಬಿಡಬ್ಯಾಡ್ರಿ, ಇಲ್ಲೇ ಅರ್ಧಕ್ಕ ಬಿಟ್ಟು 1500ಕ್ಕ ಹಾರಿದ್ರ ಮುಂದ ಎಷ್ಟ್ ಪಾಲಿಶ್ ಹೊಡದ್ರೂ ಮೂಲ್ಯಾಗ ಹಳದಿ ಉಳಿತೈತಿ. ಒಂದು ನಂಬರ್ ಅಡ್ಡ ತಿಕ್ಕಿದ್ರ ಮುಂದಿನ ನಂಬರ್ ಉದ್ದ ತಿಕ್ರಿ, ಹಿಂದಿನ ಗೀರು ಹೋದುವೋ ಇಲ್ಲೋ ಕಣ್ಣಿಗೆ ತಿಳಿತೈತಿ. 1000 ಮುಗದಾಗ ಲೈಟು ಮೊದಲಿಗಿಂತ ಕೆಟ್ಟ ಕಾಣಸ್ತೈತಿ, ಬೆಳ್ಳಗ ಸುಣ್ಣ ಹಚ್ಚಿದಂಗ, ಗಿರಾಕಿ ಮಗ್ಗಲದಾಗ ನಿಂತಿದ್ರ ಅವರ ಮಾರಿ ನೋಡಬೇಕು. ಮೊದಲೇ ಹೇಳಿರ್ರಿ, ಹಿಂಗಾಗ್ತೈತಿ, ಗಾಬರಿ ಆಗಬ್ಯಾಡ್ರಿ ಅಂತ, ಇಲ್ಲಾ ಚಾ ಕುಡ್ಯಾಕ ಒಳಗ ಕಳಸ್ರಿ. 3000 ಆದ ಮ್ಯಾಲ ಕಾಂಪೌಂಡು, ಆಮ್ಯಾಲ ಫೈನ್ ಪಾಲಿಶ್. ಡ್ರಿಲ್ ಸ್ಪೀಡ್ ಕಡಿಮಿ ಇರ್ಲಿ, ಒಂದ ಜಾಗಾದಾಗ ನಿಲ್ಲಿಸಬ್ಯಾಡ್ರಿ, ಪ್ಲಾಸ್ಟಿಕ್ ಕಾಯ್ದು ಮೆತ್ತಗಾದ್ರ ಕೆಲಸ ಕೆಡ್ತೈತಿ.

ಇಲ್ಲಿಗೆ ಲೈಟ್ ಫಳಫಳ ಅನ್ನಾಕತ್ತಿರ್ತೈತಿ, ಗಿರಾಕಿ ಖುಷಿ, ಭಾಳ ಮಂದಿ ಇಲ್ಲೇ ರೊಕ್ಕ ತಗೊಂಡು ಹೋಗಿಬಿಡ್ತಾರ. ಇದ ನೋಡ್ರಿ ಮೋಸ. ನೀವು ಈಗ ಮಾಡಿದ್ದು ಏನು? ಉಳದಿದ್ದ ಪದರಾನೂ ತಿಕ್ಕಿ ತಗದು ಪ್ಲಾಸ್ಟಿಕ್ಕನ್ನ ಬಿಸಲಿಗೆ ಬತ್ತಲೆ ನಿಲ್ಸೀರಿ. ಕೆಲವ ತಿಂಗಳದಾಗ ಮೊದಲಿಗಿಂತ ಜೋರ ಹಳದಿ ಆಗ್ತೈತಿ. ಟೂತ್‌ಪೇಸ್ಟ್ ಹಚ್ಚಿ ತಿಕ್ಕೋ ವಿಡಿಯೋ ಬರ್ತಾವಲ್ಲ, ಅದರ ಕಥಿನೂ ಇದ, ನಾಕ ದಿನದ ಚಂದ. ಅದಕ ಪಾಲಿಶ್ ಆದ ಮ್ಯಾಲ ಆಲ್ಕೋಹಾಲಿಲೆ ಒರಸಿ ಎಣ್ಣಿ ಅಂಶ ಪೂರಾ ತಗದು, ಒಣಗಿಸಿ, ಯುವಿ ಕೋಟಿಂಗ್ ತೆಳ್ಳಗ ಒಂದ ದಿಕ್ಕಿಗೆ ಹಚ್ರಿ. 2ಕೆ ಕ್ಲಿಯರ್ ಅನ್ನೋ ಎರಡು ದ್ರಾವಣ ಕೂಡಿ ಗಟ್ಟಿ ಆಗೋ ಬಣ್ಣಿಲ್ಲದ ಸ್ಪ್ರೇ ಇದಕ್ಕಿಂತ ಗಟ್ಟಿ, ಆದ್ರ ಅದರಾಗ ಐಸೊಸೈನೇಟ್ ಇರ್ತೈತಿ, ಉಸರಿಗೆ ಭಾಳ ಕೆಟ್ಟದ್ದು, ಸರಿಯಾದ ರೆಸ್ಪಿರೇಟರ್ ಇಲ್ಲದ ಕೈ ಹಚ್ಚಬ್ಯಾಡ್ರಿ, ಕರ್ಚೀಪ್ ಕಟ್ಕೊಂಡ್ರ ನಡಿಯಂಗಿಲ್ಲ. ಕೋಟಿಂಗ್ ಹಚ್ಚಿದ ಮ್ಯಾಲ ಒಂದು ದಿನ ನೀರು ಬೀಳಬಾರದು. ಎರಡೂ ಲೈಟ್ ಸೇರಿ ಮೊದಮೊದಲು ನನಗ ಎರಡು ತಾಸು ಹಿಡಿತಿತ್ತು, ಈಗ ಒಂದು ತಾಸಿನ್ಯಾಗ ಮುಗಿತೈತಿ. ಕಲಿಯಾಕ ಗುಜರಿ ಅಂಗಡಿಯಿಂದ ಹಳೆ ಹೆಡ್‌ಲೈಟ್ ಒಂದೆರಡು ತಂದು ಮನ್ಯಾಗ ತಿಕ್ರಿ, ಮಂದಿ ಗಾಡಿ ಮ್ಯಾಲ ಕಲಿಬ್ಯಾಡ್ರಿ.

ಗ್ಲಾಸ್ ಕೆಲಸ ಇದಕ್ಕಿಂತ ಹಗುರ. ಬೋರ್ ನೀರಿನ್ಯಾಗ ಕ್ಯಾಲ್ಸಿಯಂ ಮ್ಯಾಗ್ನೀಸಿಯಂ ಇರ್ತೈತಿ, ನೀರು ಆರಿ ಹೋಗಿ ಅದಷ್ಟ ಬಿಳಿ ಚುಕ್ಕಿ ಆಗಿ ಉಳಿತೈತಿ. ಬಿಳಿ ವಿನೆಗರ್‌ಗೆ ಅಷ್ಟ ನೀರು ಕೂಡಿಸಿ, ಅರಿವಿ ಅದ್ದಿ ಗ್ಲಾಸ್ ಮ್ಯಾಲ ಐದು ನಿಮಿಷ ಹೊದಿಸಿ ಬಿಡ್ರಿ, ಆಮ್ಯಾಲ ತಿಕ್ಕಿ ತೊಳೀರಿ. ನೆರಳಿನ್ಯಾಗ ಮಾಡ್ರಿ, ಕಾದ ಗ್ಲಾಸಿಗಲ್ಲ, ಕ್ರೋಮ್ ಅಲ್ಯೂಮಿನಿಯಂ ಮ್ಯಾಲ ಸೋರಿದ್ರ ಕೂಡ್ಲೇ ನೀರು ಹಾಕ್ರಿ. ಇದಕ್ಕೂ ಜಗ್ಗದ ಹಳೆ ಕಲಿಗೆ ಸೀರಿಯಂ ಆಕ್ಸೈಡ್ ಅನ್ನೋ ಗಾಜು ಪಾಲಿಶ್ ಮಾಡೋ ಪುಡಿ ನೀರಿನ್ಯಾಗ ಕಲಸಿ ಫೆಲ್ಟ್ (ಉಣ್ಣಿ ಅರಿವಿಯಂಥಾ) ಪ್ಯಾಡಿಲೆ ತಿಕ್ಕಬೇಕು, ಸವಕಾಶ. ಕಡೀಕ ಒರಸಾಕ ಮತ್ತ ಅದ ಬೋರ್ ನೀರು ಹಾಕಿದ್ರ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿ ತೊಳದಂಗ. ಆರ್‌ಓ ಮಷೀನಿನ ವೇಸ್ಟ್ ನೀರು ಅದಕ್ಕಿಂತ ಸವಳ, ಅದನ್ನೂ ಬ್ಯಾಡ. ನಾನು ಎಸಿ ಪೈಪಿನಿಂದ ತೊಟ್ಟಿಕ್ಕೋ ನೀರು ಹಿಡಿತೀನಿ, ಅದು ಗಾಳ್ಯಾಗಿನ ಹಬಿ ತಣ್ಣಗಾಗಿ ಇಳದ ನೀರು, ಉಪ್ಪಿನ ಅಂಶ ಇಲ್ಲ ಅಂದ್ರೂ ನಡಿತೈತಿ. ನಮ್ಮ ಓಣಿ ಮೆಡಿಕಲ್ ಅಂಗಡಿ ಹಿಂದ ಒಂದು ಕ್ಯಾನ್ ಇಟ್ಟೇನಿ, ಬ್ಯಾಸಗ್ಯಾಗ ಎರಡು ದಿನಕ್ಕ ತುಂಬ್ತೈತಿ, ಅಂಗಡಿ ಅಣ್ಣಾರು ಇಂವ ಈ ನೀರು ಒಯ್ದು ಏನ್ ಮಾಡ್ತಾನೋ ಅಂತ ಇನ್ನೂ ಕೇಳ್ತಾರ.

ತಿಕೋಟಾ ಕಡೆ ದ್ರಾಕ್ಷಿ ತೋಟದವರ ಗಾಡಿ ಬಂದ್ರ ಗ್ಲಾಸ್ ಮ್ಯಾಲ ನೀಲಿ ಬಿಳಿ ಚುಕ್ಕಿ ಇರ್ತಾವ, ಅದು ಬಳ್ಳಿಗೆ ಬೋರ್ಡೋ ಅನ್ನೋ ಔಷಧ ಹೊಡದ ಗಾಳಿಗೆ ಬಂದಿದ್ದು, ಮೈಲುತುತ್ತ ಮತ್ತ ಸುಣ್ಣ. ಅದೂ ವಿನೆಗರಿಗೇ ಬಿಡ್ತೈತಿ. ಒಣ ಅರಿವಿಲೆ ಮುಂಜಾನೆದ್ದು ಗಾಡಿ ಝಾಡಿಸೋ ರೂಢಿ ಇದ್ದವರಿಗೆ ಅದೊಂದು ಬಿಡಸ್ರಿ, ಎರಿ ಹೊಲದ ಧೂಳು ಕೂತ ಗಾಡಿ ಒಣ ಒರಸೋದು ಅಂದ್ರ ವಾಟರ್ ಪೇಪರ್ ಹೊಡದಂಗ. ಹಿಂದಿನ ಬಾಗಿಲಕ್ಕ ಎಲಿ ಅಡಿಕಿ ಉಗಳಿದ ಕೆಂಪು ಗೆರಿ ಇದ್ರ ನಾನು ಪುಕ್ಕಟೆ ತಗದು ಕೊಡ್ತೀನಿ, ಯಾರು ಉಗಳಿದ್ದು ಅಂತ ಕೇಳಂಗಿಲ್ಲ.

ರೇಟು: ಎರಡು ಲೈಟಿಗೆ 600, ಮುಂದಿನ ಗ್ಲಾಸ್ 300, ಎರಡೂ ಕೂಡಿ 800. ಸಾಮಾನಿನ ಖರ್ಚು ಗಾಡಿಗೆ ನೂರರ ಒಳಗ. ಹೊಸಾ ಹೆಡ್‌ಲೈಟ್ ಜೋಡಿಗೆ ಸಾವಿರಗಟ್ಟಲೆ ಹೋಗ್ತೈತಿ ಅನ್ನೋದು ಗಿರಾಕಿಗೆ ಗೊತ್ತಿರ್ತೈತಿ, ಅದಕ ಚೌಕಾಶಿ ಕಡಿಮಿ. ಜಿಎಸ್‌ಟಿ ಅಂತ ಹೆದರಬ್ಯಾಡ್ರಿ, ಸರ್ವಿಸ್ ಕೆಲಸಕ್ಕ ವರ್ಷಕ್ಕ 20 ಲಕ್ಷ ದಾಟಿದ ಮ್ಯಾಲ ರಜಿಸ್ಟ್ರೇಶನ್ನು, ನಾವು ಅದರ ಹತ್ರಾನೂ ಹೋಗಂಗಿಲ್ಲ. ಖರೇ ಗಿರಾಕಿ ಅಂದ್ರ ಸೆಕೆಂಡ್ ಹ್ಯಾಂಡ್ ಗಾಡಿ ಡೀಲರ್‌ಗಳು, ಅವರಿಗೆ ಗಾಡಿ ಹೊಸಾದ್ರಂಗ ಕಾಣಬೇಕು, ಒಮ್ಮೆ ಹೋದ್ರ ಮೂರು ನಾಕು ಗಾಡಿ. ಮೊದಲ ಸಲ ಹೋಗಿ ಒಂದೇ ಲೈಟ್ ಪುಕ್ಕಟೆ ಮಾಡಿ ಕೊಡ್ರಿ, ಇನ್ನೊಂದನ್ನ ಹಂಗ ಬಿಡ್ರಿ. ಒಂದು ಕಣ್ಣು ತಿಳಿ, ಒಂದು ಕಣ್ಣು ಪೊರಿ ಬಂದಂಗ ಇರೋ ಗಾಡಿ ಅಂಗಡಿ ಮುಂದ ನಿಂತ್ರ ಮಾಲಕನ ಜೀವಕ್ಕ ಸಮಾಧಾನ ಇರಂಗಿಲ್ಲ. ಫೋಟೋ ಸ್ಟೇಟಸ್‌ಗೆ ಹಾಕೋಮುಂದ ಕೇಳಿ ಹಾಕ್ರಿ, ಕೆಎ-28 ಮುಂದಿನ ನಂಬರ್ ಮುಚ್ರಿ.

ಕೆಲಸ ಶುರು ಮಾಡೋಕಿಂತ ಮೊದಲು ಗಾಡಿ ಸುತ್ತ ಒಂದು ವಿಡಿಯೋ ಮಾಡ್ರಿ, ಹಳೆ ಗೀರು ನಿಮ್ಮ ಕೊಳ್ಳಿಗೆ ಬರಬಾರದು. ಕೀ ಇಸ್ಕೋಬ್ಯಾಡ್ರಿ, ನೆರಳಿಗೆ ತರೂದಿದ್ರ ಮಾಲಕ್ರೇ ತರಲಿ. ಬ್ಯಾಸಗ್ಯಾಗ ಮುಂಜಾನೆ ಆರರಿಂದ ಒಂಬತ್ತು, ಅಷ್ಟ, ಆಮ್ಯಾಲ ಕಾಂಪೌಂಡ್ ಹಚ್ಚೂದ್ರಾಗ ಒಣಗ್ತೈತಿ. ಐತವಾರ ಮೂರು ಗಾಡಿ, ನಡುವಿನ ದಿನ ಒಂದು, ಪರೀಕ್ಷಿ ತಿಂಗಳು ಫೋನ್ ಎತ್ತೋದಿಲ್ಲ.

ಖಂಡೇಪೂಜಿ (ಆಯುಧಪೂಜಿ) ಹತ್ರ ಬಂದಾಗ ಮಾತ್ರ ಲೆಕ್ಕ ಬ್ಯಾರೆ, ಎಲ್ಲಾರಿಗೂ ಆ ವಾರಾನೇ ಬೇಕು. ಹೆಡ್‌ಲೈಟ್ ಬುಕಿಂಗ್ ಪೂಜಿಗೆ ಎರಡು ದಿನ ಇರೂತನಕ ಅಷ್ಟ ಹಿಡೀರಿ, ಯಾಕಂದ್ರ ಪೂಜಿ ದಿನ ಮುಂಜಾನೆ ಅವರು ಬಕೀಟ್‌ಗಟ್ಟಲೆ ನೀರು ಸುರವೇ ಸುರವ್ತಾರ, ನಿಮ್ಮ ಕೋಟಿಂಗ್ ಹಸಿ ಇದ್ರ ಹೋತು. ಹಿಂದಿನ ದಿನ ಬರೇ ಗ್ಲಾಸ್ ಹಿಡೀರಿ. ಪೂಜಿ ಮುಗದ ಮರುದಿನ ಮತ್ತ ಫೋನ್ ಬರ್ತಾವ, ಬಿಳಿ ಗಾಡಿ ಬಾನೆಟ್ ಮ್ಯಾಲ ಅರಿಷಿಣದ ಕಲಿ ಕೂತೈತಿ, ಪಾಲಿಶ್ ಹೊಡಿ ಅಂತ. ಶಾಂಪೂ ನೀರಿಲೆ ಒಮ್ಮೆ ತೊಳೀರಿ, ಉಳದ ಹಳದಿಗೆ ಎರಡು ದಿನ ಬಿಸಲಿಗೆ ನಿಲ್ಲಿಸ್ರಿ ಅಂತ ಹೇಳ್ರಿ, ಅರಿಷಿಣದ ಬಣ್ಣ ಬಿಸಲಿಗೆ ತಾನ ಹಾರಿ ಹೋಗ್ತೈತಿ. ಇದಕ್ಕ ನಾನು ರೊಕ್ಕ ತಗೊಳ್ಳಂಗಿಲ್ಲ.